ಸ್ಕೋರ್‌ಬೋರ್ಡ್ ಕೆಳಗೊಂದು ಗ್ರೂಪ್ ಫೋಟೊ

ಶನಿವಾರ ಸಂಜೆ ಏಳು ನಲವತ್ತು. ನಮ್ಮ ತಲೆಯ ಮೇಲೆ ಏನೋ ಕಿರ್ರೆಂದಿತು. ಯಾರೂ ಮೇಲೆ ನೋಡಲಿಲ್ಲ. ಫೋಟೊಗೆ ನಿಂತವರು ಕ್ಯಾಮೆರಾ ಬಿಟ್ಟು ಬೇರೆ ಕಡೆ ನೋಡುತ್ತಾರೆಯೇ?

ಅಮೆರಿಕದ ಕ್ಯಾರೊಲಿನಾದ ನಮ್ಮ ಸಣ್ಣ ಊರಿಗೂ ಒಂದು ಬಾಸ್ಕೆಟ್‌ಬಾಲ್ ತಂಡವಿದೆ (ಇತ್ತು ಎನ್ನಬೇಕು). ಸಂಬಳಕ್ಕೆ ಆಡುವ ಹುಡುಗರು. ಯಾವನಾದರೂ ಚೆನ್ನಾಗಿ ಆಡಿದನೋ, ಮರುವರ್ಷವೇ ದೊಡ್ಡ ಊರಿನವರು ಹಾರಿಸಿಕೊಂಡು ಹೋಗುತ್ತಾರೆ. ಟಿವಿಯವರು ಇತ್ತ ತಲೆ ಹಾಕುವುದಿಲ್ಲ. ಜಾಹೀರಾತೆಂದರೆ ಒಬ್ಬ ಡೆಂಟಿಸ್ಟ್, ಒಂದು ಟೈರ್ ಅಂಗಡಿ. ಹಾಗಾಗಿ ತಂಡದವರು ನಮ್ಮನ್ನು ಹುಡುಕಿಕೊಂಡು ಬಂದರು: ನಿಮ್ಮ ಕನ್ನಡ ಸಂಘದವರೆಲ್ಲ ಟಿಕೆಟ್ ಕೊಳ್ಳಿ, ಹಾಫ್‌ಟೈಮ್‌ನಲ್ಲಿ ನಿಮ್ಮ ಮಕ್ಕಳು ಕೋರ್ಟ್ ಮೇಲೆ ಕುಣಿಯಲಿ. ನಮಗೆ ಇನ್ನೇನು ಬೇಕು?

ಕೋಲಾಟ ಮುಗಿಯಿತು. ಮಕ್ಕಳು ಹೊರಬರಬೇಕಿತ್ತು. ಬದಲಿಗೆ ಅಪ್ಪ ಅಮ್ಮಂದಿರೆಲ್ಲ ಒಳಗೆ ನುಗ್ಗಿದೆವು. ಕೋರ್ಟಿನ ನಟ್ಟನಡುವೆ ಚಾವಣಿಯಿಂದ ದೊಡ್ಡ ಸ್ಕೋರ್‌ಬೋರ್ಡ್ ತೂಗುತ್ತಿತ್ತು.

"ಎಲ್ರೂ ಸೆಂಟರ್‌ಗೆ ಬನ್ನಿ! ಸ್ಕೋರ್‌ಬೋರ್ಡ್ ಕರೆಕ್ಟಾಗಿ ತಲೆ ಮೇಲೆ ಬರ್ಬೇಕು!" ಸಂಘದ ಅಧ್ಯಕ್ಷೆ ವೀಣಾ ಆಂಟಿಯ ಆಜ್ಞೆ.

ಟಿಕೆಟ್ ಮ್ಯಾನೇಜರ್ "ಫೋಕ್ಸ್, ಪ್ಲೀಸ್" ಎಂದು ಕೋರ್ಟ್ ಬಿಡುವಂತೆ ಗೋಗರೆಯುತ್ತಿದ್ದ.

"ಒನ್ ಮೋರ್, ಬಾಸ್! ಹಾಫ್ ದ ಕ್ರೌಡ್ ಈಸ್ ಅಸ್!" ನನ್ನ ಗಂಡ ರಘು ನಕ್ಕರು.

ಆತ ಪಕ್ಕಕ್ಕೆ ಸರಿದ. ಅರ್ಧ ಸ್ಟೇಡಿಯಂ ತುಂಬಿಸಿದವರನ್ನು ಗದರಲು ಸಣ್ಣ ಊರಿನ ತಂಡಕ್ಕೆ ಎಲ್ಲಿಂದ ಧೈರ್ಯ ಬರಬೇಕು?

ಫೋಟೊಗೆ ಮುಂದಿನ ಸಾಲಿನಲ್ಲಿ ನೆಲದ ಮೇಲೆ ಕೂತಿದ್ದ ನನ್ನ ಮಗಳು ಅನಘಾ ಗೊಣಗಿದಳು. "ಅಮ್ಮಾ, ಕ್ಯಾನ್ ವಿ ಗೋ? ಪ್ಲೇಯರ್ಸ್ ಬರ್ತಿದಾರೆ."

"ಸುಮ್ನೆ ಸ್ಮೈಲ್ ಮಾಡೇ."

ವಾರ್ಮ್‌ಅಪ್‌ಗೆ ಬಂದ ಆಟಗಾರನೊಬ್ಬ ಮೇಲೆ ನೋಡಿದ. "ರನ್!" ಎಂದು ಚೀರಿದ. ಮಕ್ಕಳು ಎದ್ದು ಓಡಿದರು (ಅವನು ಅವರ ಹೀರೊ). ನಾವು ಹಿಂದೆಯೇ ದಡಬಡ ಓಡಿದೆವು. ಸ್ಕೋರ್‌ಬೋರ್ಡಿನ ಒಂದು ಕಬ್ಬಿಣದ ಹಲಗೆ, ಬಾಗಿಲಿನಷ್ಟು ದೊಡ್ಡದು, ಅನಘಾ ಕೂತಿದ್ದ ಜಾಗಕ್ಕೇ ಬಿತ್ತು.

ಯಾರಿಗೂ ಏಟಾಗಲಿಲ್ಲ. ಆದರೆ ರಾತ್ರಿ ನಾನು ಕಣ್ಣು ಮುಚ್ಚಿದರೆ ಸಾಕು, ಹಲಗೆ ಬೀಳುತ್ತದೆ. ಕೆಲವೊಮ್ಮೆ ನನ್ನ ಮಗಳು ಏಳುವುದೇ ಇಲ್ಲ.

ರಿಪೇರಿ ಯಾರು ಮಾಡಿಸಬೇಕು? ತಿಂಗಳುಗಟ್ಟಲೆ ತಂಡದವರು ಸ್ಟೇಡಿಯಂನ ಒಡೆಯರಾದ ಸಿಟಿ ಆಡಳಿತದತ್ತ ಕೈ ತೋರಿಸಿದರು, ಸಿಟಿಯವರು ತಂಡದತ್ತ. ಅಷ್ಟರಲ್ಲಿ ದೊಡ್ಡ ಊರೊಂದು ಹೊಸ ಸ್ಟೇಡಿಯಂ ಕೊಡುತ್ತೇನೆಂದಿತು. ಕಳೆದ ಗುರುವಾರ ತಂಡ ನಮ್ಮೂರು ಬಿಟ್ಟು ಅಲ್ಲಿಗೆ ಹೊರಟೇಹೋಯಿತು.

"ವೈ ಕಾಂಟ್ ದೇ ಜಸ್ಟ್ ಫಿಕ್ಸ್ ಇಟ್, ಅಮ್ಮಾ?" ಅನಘಾ ತಂಡದ ಜೆರ್ಸಿ ತೊಟ್ಟೇ ಅತ್ತು ಅತ್ತು ಮಲಗಿದಳು.

ಅವತ್ತೇ ರಾತ್ರಿ, ಆ ಶನಿವಾರದ ನಂತರ ಮೊದಲ ಸಲ, ನಾನು ಬೆಳಗಿನವರೆಗೆ ಎಚ್ಚರಗೊಳ್ಳದೆ ನಿದ್ದೆ ಮಾಡಿದೆ. ಇದನ್ನು ಅವಳಿಗೆ ಹೇಗೆ ಹೇಳಲಿ?