ಅಳತೆಗೆ ಮಾವನ ರಕ್ತ

ನನ್ನ ಮಾವನಿಗೆ ಊರಿನವರ ಮೇಲೆಲ್ಲ ಒಂದೇ ಗುಮಾನಿ: ಯಾರೂ ಸೊಪ್ಪು ತಿನ್ನುವುದಿಲ್ಲ, ತಿನ್ನುತ್ತೇವೆಂದು ಸುಳ್ಳು ಹೇಳುತ್ತಾರೆ. ಮನೆಯ ಕೆಳಗಿನ ಕೋಣೆಯಲ್ಲಿ ಮೂವತ್ತು ವರ್ಷದಿಂದ ಅವರು ರಕ್ತ ಪರೀಕ್ಷೆ ಮಾಡುತ್ತಿದ್ದರು. ಬಂದವರಲ್ಲಿ ಮುಕ್ಕಾಲು ಪಾಲು ಜನರ ಕೆಂಪು ಕಣ ಅವರ ಹಳೆಯ ಯಂತ್ರದಲ್ಲಿ ದೊಡ್ಡದಾಗಿ ಕಾಣುತ್ತಿತ್ತು. ಸೊಪ್ಪು ತಿನ್ನದಿದ್ದರೆ ಹಾಗಾಗುತ್ತದೆಂದು ಎಲ್ಲೋ ಓದಿಕೊಂಡಿದ್ದರು.

"ಮನುಷ್ಯ ಬಾಯಿ ಬಿಟ್ರೆ ಸುಳ್ಳು. ಕಣ ಸುಳ್ಳು ಹೇಳುತ್ತಾ?" ಎನ್ನುವರು. ಅಂಗಡಿಯಿಂದ ತಂದ ಹತ್ತಿಯನ್ನೂ ಮೂಸಿ ನೋಡುವ ಆಸಾಮಿ.

ಮೂರು ತಿಂಗಳ ಬಸುರಿಯಾಗಿದ್ದಾಗ ಆಸ್ಪತ್ರೆಯಲ್ಲಿ ಪರೀಕ್ಷೆಗೆ ರಕ್ತ ಕೊಟ್ಟೆ. ನನ್ನ ಕಣಗಳು ತೀರಾ ಸಣ್ಣವು ಎಂದು ಬಂತು.

"ನೀವು ನದೀಮುಖದ ಕಡೆಯವರಲ್ವಾ?" ಎಂದರು ಡಾಕ್ಟರಮ್ಮ. "ಅಲ್ಲಿ ಹತ್ತರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಹೀಗಿರುತ್ತೆ. ನಿಮಗೇನೂ ಆಗಲ್ಲ. ಆದ್ರೆ ಗಂಡನಿಗೂ ಇದ್ರೆ, ಮಗುವಿಗೆ ಬದುಕಿಡೀ ರಕ್ತ ಹಾಕಿಸ್ತಾ ಇರಬೇಕಾಗಬಹುದು."

"ಅದು ನಿಮ್ಮ ಕಡೆಯವರ ಕಾಯಿಲೆ, ನಮ್ಮ ವಂಶದಲ್ಲಿಲ್ಲ" ಎಂದು ಮಾವ ನನ್ನ, ಗಂಡನ ರಕ್ತವನ್ನು ತಮ್ಮ ಯಂತ್ರಕ್ಕೆ ಹಾಕಿದರು. ಎರಡೂ ಸರಿಯಾಗಿಯೇ ಬಂದವು. "ನೋಡು, ನಿನ್ನದೂ ಚೆನ್ನಾಗೇ ಇದೆ. ಆಸ್ಪತ್ರೆ ಯಂತ್ರ ಕೆಟ್ಟಿದೆ."

ಗಂಡನಿಗೆ ನಿರಾಳವಾಯಿತು. ನನಗೆ ಮಾತ್ರ ಒಳಗೊಳಗೇ ಕಸಿವಿಸಿ. ಇಡೀ ಊರು ತಪ್ಪು, ಈ ಮನೆಯವರಷ್ಟೇ ಸರಿ ಎಂದರೆ ಹೇಗೆ ನಂಬಲಿ?

ಮರುದಿನ ಬೆಳಿಗ್ಗೆ ಚಹಾ ಕೊಡುವ ನೆಪದಲ್ಲಿ ಕೆಳಗಿಳಿದೆ. ಮಾವ ತಮ್ಮದೇ ಬೆರಳು ಚುಚ್ಚಿಕೊಂಡು, ಆ ರಕ್ತವನ್ನು ಯಂತ್ರಕ್ಕೆ ಕೊಟ್ಟು, ಕಣದ ಗಾತ್ರ ಆರೋಗ್ಯವಂತರ ಅಂಕಿಯಾದ ಎಂಬತ್ತೆಂಟಕ್ಕೆ ಬರುವ ತನಕ ತಿರುಪು ತಿರುಗಿಸುತ್ತಿದ್ದರು.

"ಏನ್ ಮಾಡ್ತಿದ್ದೀರಿ ಮಾವ?"

"ದಿನಾ ಮಾಡೋದೇ. ಅಳತೆಗೆ ಒಂದು ಆರೋಗ್ಯದ ರಕ್ತ ಬೇಕಲ್ಲಮ್ಮ. ಒಂದು ದಿನ ಜ್ವರ ಅಂತ ಮಲಗಿದವನಲ್ಲ ನಾನು."

"ನಿಮ್ಮ ಕಣಾನೇ ಸಣ್ಣದಾಗಿದ್ರೆ? ಆಗ ಯಂತ್ರ ಸಣ್ಣದನ್ನ ಸರಿ ಅಂತ, ಸರಿಯಿರೋದನ್ನ ದೊಡ್ಡದು ಅಂತ ತೋರಿಸಲ್ವಾ?"

ಅವರು ಉರಿದುಬಿದ್ದರು. "ತವರಿಂದ ಕಾಯಿಲೆ ತಂದದ್ದಲ್ಲದೆ ನನ್ನ ರಕ್ತಕ್ಕೇ ಕಳಂಕ ಹಚ್ತೀಯಾ?"

ಅಳು, ಸಿಟ್ಟು ಒಟ್ಟಿಗೇ ಬಂದವು. "ಊರನ್ನೆಲ್ಲ ಅನುಮಾನಿಸ್ತೀರಲ್ಲ, ಒಂದ್ಸಲ ನಿಮ್ಮನ್ನೂ ಅನುಮಾನಿಸಿ. ಮಗುವಿಗೋಸ್ಕರ" ಎಂದುಬಿಟ್ಟೆ.

ನಾಲ್ಕನೆಯ ದಿನ ಅಪ್ಪ ಮಗ ಇಬ್ಬರೂ ಆಸ್ಪತ್ರೆಗೆ ಹೋಗಿ ರಕ್ತ ಕೊಟ್ಟು ಬಂದರು. ಇಬ್ಬರದೂ ಸಣ್ಣ ಕಣವೇ. ಇಲ್ಲಿಯವರಲ್ಲಿ ಇದು ಅಪರೂಪ, ಜೀನಿನಲ್ಲಿ ತಪ್ಪಿರುವ ಜಾಗವೂ ಬೇರೆ, ಆದರೆ ನನ್ನದರ ಜೊತೆ ಸೇರಿದರೆ ಅದೇ ಕಾಯಿಲೆ ಎಂದರು ಡಾಕ್ಟರಮ್ಮ. ಹೊಟ್ಟೆಯಲ್ಲಿದ್ದ ಮಗುವಿನ ಪರೀಕ್ಷೆಯಾಯಿತು. ಎರಡು ವಾರ ನಾನು ಸರಿಯಾಗಿ ನಿದ್ದೆ ಮಾಡಲಿಲ್ಲ.

ಮಗುವಿಗೆ ನನ್ನ ಜೀನಿನ ತಪ್ಪಷ್ಟೇ ಬಂದಿತ್ತು, ಕಾಯಿಲೆ ಇರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಸಂತೋಷಕ್ಕೆ ಅತ್ತುಬಿಟ್ಟೆ. ಜೊತೆಗೆ ಬಂದಿದ್ದ ಮಾವ ನಗಲಿಲ್ಲ.

"ನಿಮ್ಮ ಕಡೆಯಿಂದ ಗಂಡನ ಜೊತೆ ಬಂದು ಇಲ್ಲಿ ನೆಲೆಸಿದ್ದಾಳಲ್ಲ, ಆ ಹೊಲಿಗೆಯವಳ ಮಗು ವರ್ಷ ತುಂಬೋ ಮುಂಚೆ ಬಿಳಿಚಿಕೊಂಡು ಹೋಗಿಬಿಡ್ತಲ್ಲ" ಎಂದರು. "ಗಂಡ ಹೆಂಡತಿ ಇಬ್ಬರಿಗೂ ಸರಿಯಿದೆ ಅಂತ ಬರೆದುಕೊಟ್ಟವನು ನಾನೇ. ಮಗುವಿಗೆ ನೆಟ್ಟಗೆ ಹಾಲು ಕುಡಿಸಿಲ್ಲ ಅಂತ ಅವಳನ್ನೇ ಬೈದಿದ್ದೆ."

"ಬಿಡಿ ಮಾವ, ನಿಮಗೆ ಗೊತ್ತಿರಲಿಲ್ಲ."

"ಅವಳೀಗ ಮತ್ತೆ ಬಸುರಿ ಕಣಮ್ಮ. ಹೋದ ತಿಂಗಳು ಬಂದಿದ್ಲು. ಸರಿಯಿದೆ ಅಂತಾನೇ ಬರೆದುಕೊಟ್ಟೆ."

ಮನೆಗೆ ಹೋಗುವಾಗ ಅವರು ಎರಡು ನಿಲ್ದಾಣ ಮುಂಚೆಯೇ ಬಸ್ಸಿನಿಂದ ಇಳಿದು, ಹೊಲಿಗೆಯವಳ ಮನೆಯ ಕಡೆ ನಡೆದರು.