ಡೈನೊ ರೂಮಿನಲ್ಲಿ ಕೇಳಿದ ಅಮ್ಮನ ಕೂಗು

ಅಂದು ಮಾಡಿದ ಕೆಲಸಗಳು ಇವು. ನೀರಿನ ಸಂಪು ತುಂಬಿಸಿದೆ. ಹಿತ್ತಲ ನುಗ್ಗೆಮರದ ಕೆಳಗೆ ಗುಡಿಸಿದೆ. ಹೆಂಡತಿ ಸರೋಜಳನ್ನು ಸೂಲಿಬೆಲೆ ಬಸ್ಸು ಹತ್ತಿಸಿದೆ. ಅವಳ ತಂಗಿಯ ಮೊಮ್ಮಗನಿಗೆ ನಾಮಕರಣವಿತ್ತು. ಬಟ್ಟೆ ಒಗೆದು ತಂತಿಗೆ ಹಾಕಿದೆ. ಡೈನೊ ರೂಮಿನ ಬಾಗಿಲಿಗೆ ಸುತ್ತಲೂ ರಬ್ಬರ್ ಪಟ್ಟಿ ಅಂಟಿಸಿದೆ. ಹೊಗೆ ಎಳೆಯುವ ಫ್ಯಾನಿಗೆ ತ್ರೀ ಫೇಸ್ ಲೈನು ಕೊಟ್ಟೆ. ಪೂಜೆಗೆ ಹೂವು, ಬಾಳೆಹಣ್ಣು, ನಿಂಬೆಹಣ್ಣು, ಊದುಬತ್ತಿ ತಂದಿಟ್ಟೆ.

ಇಷ್ಟನ್ನೂ ನನ್ನ ನೋಟ್ ಪುಸ್ತಕದಿಂದ ನೋಡಿ ಬರೆದಿದ್ದೇನೆ. ದಿನವೂ ಮಾಡಿದ್ದು, ಉಂಡದ್ದು, ಮನೆಯಲ್ಲಿ ಮೊದಲು ಮಲಗಿದವರು ಯಾರು ಎನ್ನುವುದನ್ನು ಬರೆದಿಡುವ ಅಭ್ಯಾಸ ನನಗೆ ಚಿಕ್ಕಂದಿನಿಂದ ಇದೆ. ಕೊನೆಗೆ ಮಲಗುವವರು ಕೊಟ್ಟಿಗೆಯ ಬಾಗಿಲಿಗೆ ಅಗುಳಿ ಹಾಕಬೇಕು ಎಂದು ಅಮ್ಮ ಕಟ್ಟುಮಾಡಿದ್ದಳು. ಬೆಳಿಗ್ಗೆ ಬಾಗಿಲು ತೆರೆದಿದ್ದರೆ ಬೈಗುಳ ಯಾರಿಗೆ ಎನ್ನುವ ಜಗಳ ತೀರಿಸಲು ಶುರುವಾದ ಬರವಣಿಗೆ ಅದು. ಈಗ ಕೊಟ್ಟಿಗೆಯಿಲ್ಲ. ಬರವಣಿಗೆ ನಿಂತಿಲ್ಲ. ನಾಲ್ಕು ವರ್ಷದ ಹಿಂದಿನ ಆ ಪುಟದಲ್ಲಿ ಎಲ್ಲವೂ ಇದೆ, ಒಂದು ಸಂಗತಿ ಮಾತ್ರ ಇಲ್ಲ. ಅದನ್ನೇ ಈಗ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ಇಂಥವನ್ನೆಲ್ಲ ನಂಬುವವನಾಗಿರಲಿಲ್ಲ. ನಲ್ಲೂರಿನ ಹುಣಸೆ ತೋಪಿನಲ್ಲಿ ಹಾದು ಬರುವಾಗ ಯಾರೋ ಹೆಸರು ಹಿಡಿದು ಕರೆದರೆಂದು ನೆಂಟರೊಬ್ಬರು ಹೇಳಿದಾಗ, "ಗಾಳಿ ಕಣಪ್ಪ, ಮರ ದೊಡ್ಡದಾದ್ರೆ ಸದ್ದೂ ದೊಡ್ಡದು" ಎಂದು ಅವರ ಬಾಯಿ ಮುಚ್ಚಿಸಿದ್ದೆ. ಸತ್ತವರಿಗೆ ನಮ್ಮನ್ನು ಕರೆಯುವುದು ಬಿಟ್ಟು ಬೇರೆ ಕೆಲಸ ಇರುವುದಿಲ್ಲವೇ ಎಂದು ತಮಾಷೆಯನ್ನೂ ಮಾಡಿದ್ದೆ. ಆ ತಮಾಷೆ ಈಗ ನೆನಪಾದರೆ ಬಾಯಿ ಕಹಿಯಾಗುತ್ತದೆ.

ನಮ್ಮದು ಜಡಿಗೇನಹಳ್ಳಿಯ ಕಡೆ. ನಾವು ಇಬ್ಬರು ಅಣ್ಣತಮ್ಮಂದಿರು. ತಮ್ಮ ಮಂಜ ನನಗಿಂತ ಹನ್ನೊಂದು ವರ್ಷ ಚಿಕ್ಕವನು, ಮದುವೆಯಾಗಿಲ್ಲ, ನಮ್ಮ ಜೊತೆಯಲ್ಲೇ ಇದ್ದಾನೆ. ಹುಡುಗನಾಗಿದ್ದಾಗಿನಿಂದ ಎಂಜಿನ್ ಎಂದರೆ ಅವನಿಗೆ ಹಸಿವು ಮರೆತುಹೋಗುತ್ತಿತ್ತು. ಅದಕ್ಕೇ ದಿನವೂ ಮಧ್ಯಾಹ್ನ ಅಮ್ಮ ಹಿತ್ತಲ ಬಾಗಿಲಿಗೆ ಬಂದು, ಒಗೆಯುವ ಕಲ್ಲಿನ ಪಕ್ಕ ನಿಂತು, ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸುತ್ತಾ ಕೂಗುತ್ತಿದ್ದಳು: "ಮಂಜಾ... ಮುದ್ದೆ ಆರೋಗ್ತೈತೆ, ಬಾರೋ!" ನನ್ನ ಹೆಸರು ಹಿಡಿದು ಅವಳು ಊಟಕ್ಕೆ ಕರೆದದ್ದು ನನಗೆ ನೆನಪಿಲ್ಲ. ಕರೆಯುವ ಮೊದಲೇ ನಾನು ಕೈಕಾಲು ತೊಳೆದು ತಟ್ಟೆಯ ಮುಂದೆ ಕೂತಿರುತ್ತಿದ್ದೆ. ಹೇಳಿದ ಹೊತ್ತಿಗೆ ಬರುವವನನ್ನು ಯಾರು ಕರೆಯುತ್ತಾರೆ?

ಅಮ್ಮ ತೀರಿಕೊಂಡ ಮೇಲೆ ದನಗಳನ್ನು ಕೊಟ್ಟುಬಿಟ್ಟೆವು. ರಸ್ತೆ ಬದಿಯ ನಮ್ಮ ಜಾಗದಲ್ಲಿ ಮಂಜನ ಕಾರಿನ ವರ್ಕ್‌ಶಾಪು ಅಷ್ಟರಲ್ಲಿ ಹೆಸರು ಮಾಡಿತ್ತು. ಕಾರಿನ ಎಂಜಿನ್ನನ್ನು ಇನ್ನಷ್ಟು ಚುರುಕಾಗುವಂತೆ ಟ್ಯೂನ್ ಮಾಡಿಕೊಡುವುದು ಅವನ ಕೆಲಸ. ಊರೂರಿನ ಹುಡುಗರು ಬರುತ್ತಿದ್ದರು. ಅವನಿಗೆ ಒಂದೇ ಆಸೆ, ಸ್ವಂತದ ಡೈನೊ ರೂಮು. ನೆಲದಲ್ಲಿ ಗುಂಡಿ ತೋಡಿ ದೊಡ್ಡ ಉಕ್ಕಿನ ರೋಲರ್‌ಗಳನ್ನು ಕೂರಿಸುತ್ತಾರೆ. ಕಾರಿನ ಚಕ್ರ ಅದರ ಮೇಲೆ ನಿಲ್ಲಿಸಿ, ಕಾರನ್ನು ಬೆಲ್ಟುಗಳಿಂದ ನೆಲಕ್ಕೆ ಬಿಗಿದು, ರಸ್ತೆಯಲ್ಲಿ ಓಡಿಸಿದಂತೆಯೇ ಓಡಿಸಿದರೆ ಅದರ ಶಕ್ತಿ ಎಷ್ಟೆಂದು ಕಂಪ್ಯೂಟರಿನಲ್ಲಿ ಗೆರೆ ಬರುತ್ತದೆ. ಪಕ್ಕದ ತೋಟದ ಮುನಿಯಪ್ಪ ಇದನ್ನು ಕೇಳಿ ನಕ್ಕಿದ್ದೇ ನಕ್ಕಿದ್ದು.

"ಗಾಣದೆತ್ತಾದ್ರೂ ಸುತ್ತು ಹಾಕ್ತದೆ ಕಣೋ ಮಂಜ, ನಿನ್ ಕಾರು ನಿಂತಲ್ಲೇ ಓಡ್ತದಂತಲ್ಲ!"

"ಮುನಿಯಣ್ಣ, ನಿನ್ ಟೆಂಪೊನೂ ತಾ, ಒಂದ್ಸಲ ಹತ್ತಿಸ್ತೀನಿ. ಎಷ್ಟು ಕುದುರೆ ಅದೆ, ಎಷ್ಟು ಕತ್ತೆ ಅದೆ ಗೊತ್ತಾಗ್ತದೆ" ಎಂದ ಮಂಜ.

ರೂಮಿಗೆ ಕೊಟ್ಟಿಗೆಯೇ ಸರಿಯಾದ ಜಾಗ ಎಂದು ತೀರ್ಮಾನವಾಯಿತು. ಅಮ್ಮ ಮೂವತ್ತು ವರ್ಷ ಹುಲ್ಲು ಹಾಕಿದ ಗೊಂತನ್ನು ಒಡೆದು ಅಲ್ಲೇ ರೋಲರ್ ಗುಂಡಿ ತೋಡಿದೆವು. ಕಾರುಗಳ ಕಿರುಚಾಟ ಆಚೆ ಕೇಳಬಾರದೆಂದು ಮುನಿಯಪ್ಪ ಒಪ್ಪಂದ ಮಾಡಿಸಿಕೊಂಡಿದ್ದ. ಹಾಗಾಗಿ ಗೋಡೆಗೆ ದಪ್ಪ ಸ್ಪಂಜು ಹೊಡೆಸಿ, ಕಿಟಕಿ ಮುಚ್ಚಿಸಿ, ಬಾಗಿಲಿಗೆ ರಬ್ಬರ್ ಪಟ್ಟಿ ಹಾಕಿದೆವು. ಕಾರಿನ ಹೊಗೆ ಒಂದು ಪೈಪಿನಲ್ಲಿ ಹಿಂದಿನ ಗೋಡೆಯಾಚೆ ಹೋಗಬೇಕು. ಅದನ್ನು ಎಳೆದುಹಾಕಲು ಗೋಡೆಯಲ್ಲಿ ಆಳೆತ್ತರದ ಫ್ಯಾನು. ಅದರ ವೈರಿಂಗಿಗೆ ಹೊಸಕೋಟೆಯಿಂದ ಬರಬೇಕಾದ ಎಲೆಕ್ಟ್ರಿಷಿಯನ್ ಎರಡು ದಿನ ಬರಲಿಲ್ಲ. ನಾನೇ ಕೊಡುತ್ತೇನೆಂದೆ. ಬೋರ್‌ವೆಲ್ ಮೋಟರಿಗೆ ಲೈನು ಕೊಟ್ಟು ಕೊಟ್ಟು ಕೈ ಪಳಗಿತ್ತು.

"ಅಣ್ಣ, ಇದು ಬೋರಿನ ಮೋಟ್ರಲ್ಲ, ನೋಡ್ಕೊಂಡು ಹಾಕು" ಎಂದ ಮಂಜ.

"ಎಲ್ಲಾ ಮೋಟ್ರೂ ಒಂದೇ ಕಣೋ. ತಿರುಗಿದ್ರೆ ಆಯ್ತು" ಎಂದೆ.

ಫ್ಯಾನು ತಿರುಗಿತು. ಬೋರಿನ ಮೋಟರಿನಲ್ಲಿ ಎರಡು ವೈರು ಅದಲು ಬದಲಾದರೆ ಮೋಟರು ಹಿಂದುಮುಂದಾಗಿ ತಿರುಗುತ್ತದೆ, ನೀರು ಮೇಲೇರುವುದಿಲ್ಲ, ನಮಗೆ ತಕ್ಷಣ ಗೊತ್ತಾಗುತ್ತದೆ. ಫ್ಯಾನಿನಲ್ಲಿ ಹಾಗೆ ತೋರಿಸಲು ನೀರಿಲ್ಲ. ಪೂಜೆಗೆ ಬಾಳೆಹಣ್ಣಿಗೆ ಊದುಬತ್ತಿ ಸಿಕ್ಕಿಸಿ ಆ ಪೈಪಿನ ಬಾಯಿಯ ಹತ್ತಿರವೇ ಇಟ್ಟೆ. ಹೊಗೆ ಪೈಪಿನೊಳಕ್ಕೆ ಹೋಗದೆ ನನ್ನ ಮುಖಕ್ಕೇ ಬಂತು. ಕಣ್ಣುಜ್ಜಿಕೊಂಡೆ. ಎಂಜಿನ್ ತಂಪಾಗಿಡಲು ಮುಂದುಗಡೆ ಇಟ್ಟಿದ್ದ ಬ್ಲೋಯರಿನ ಗಾಳಿ ಇರಬೇಕು ಎಂದುಕೊಂಡೆ. ಮಂಜ ಲ್ಯಾಪ್‌ಟಾಪ್ ನೋಡುತ್ತಿದ್ದ. ನೋಡಿದವನು ನಾನೊಬ್ಬನೇ.

ನಿಂಬೆಹಣ್ಣನ್ನು ರೋಲರ್ ಮೇಲೆ ಇಡುತ್ತೇನೆಂದರೆ ಮಂಜ ಬಿಡಲಿಲ್ಲ. "ಹಾರಿ ನಿನ್ ಮೂತಿಗೇ ಬಡೀತದೆ" ಎಂದ. ಹೊಸ್ತಿಲ ಹತ್ತಿರ ಇಟ್ಟು, ನಮ್ಮ ಹಳೇ ಕಾರನ್ನು ಅದರ ಮೇಲೆ ಹತ್ತಿಸಿ ಒಳಗೆ ತಂದೆವು. ಬೆಲ್ಟು ಬಿಗಿದೆವು. ಬಾಗಿಲು ಹಾಕಿದೆವು. ಮಂಜ ಕಿವಿಗೆ ದಪ್ಪ ಮುಚ್ಚಳದ ಹೆಡ್‌ಫೋನಿನಂಥದ್ದನ್ನು ಹಾಕಿಕೊಂಡು ಡ್ರೈವರ್ ಸೀಟಿನಲ್ಲಿ ಕೂತ. ಬೆಲ್ಟು ಸಡಿಲವಾದರೆ ಕೈ ತೋರಿಸಬೇಕೆಂದು ನನ್ನನ್ನು ಬಾಗಿಲ ಬಳಿ ನಿಲ್ಲಿಸಿದ. ನನಗೂ ಒಂದು ಜೊತೆ ಕಿವಿಮುಚ್ಚಳ ಕೊಟ್ಟಿದ್ದ; ಬೆವರಾಗುತ್ತದೆಂದು ಕೊರಳಿಗೆ ಹಾಕಿಕೊಂಡಿದ್ದೆ.

ಆಗ ಮಧ್ಯಾಹ್ನ ಒಂದೂವರೆ. ಒಂದು ಸಲ ಪೂರ್ತಿ ಓಡಿಸಿ ಇಳಿಸಿದ. ಗೆರೆ ನೋಡಿ ಹೆಬ್ಬೆರಳು ಎತ್ತಿದ. ಎರಡನೇ ಸಲ, ಮೂರನೇ ಸಲ. ನನಗೆ ಹಣೆ ಬಿಗಿದಂತಾಗುತ್ತಿತ್ತು. ಬೆಳಿಗ್ಗೆಯಿಂದ ಬಿಸಿಲಲ್ಲಿ ಓಡಾಡಿದ್ದಕ್ಕೆ ಎಂದುಕೊಂಡೆ. ನಾಲ್ಕನೇ ಸಲ ಎಂಜಿನ್ ಪೂರ್ತಿ ಏರಿದಾಗ ನಾನು ಕೆಮ್ಮಿದ್ದು ನನಗೇ ಕೇಳಿಸಲಿಲ್ಲ. ಅಷ್ಟು ಸದ್ದು.

ಆ ಸದ್ದಿನಲ್ಲಿ ನನಗೆ ಅಮ್ಮನ ದನಿ ಕೇಳಿತು. ಜೋರಾಗಿ ಅಲ್ಲ. ಹಿತ್ತಲಿನಿಂದ ಕೂಗಿದರೆ ಕೊಟ್ಟಿಗೆಯಲ್ಲಿ ಎಷ್ಟು ಕೇಳುತ್ತಿತ್ತೋ ಅಷ್ಟೇ. "ಮಂಜಾ... ಮುದ್ದೆ ಆರೋಗ್ತೈತೆ, ಬಾರೋ!"

ಹೆದರಿಕೆಯಾಗಲಿಲ್ಲ. ಅದನ್ನು ನಾನು ಈಗಲೂ ಯೋಚಿಸುತ್ತೇನೆ. ಬಾಗಿಲು ತೆರೆದು ಆಚೆ ಬಂದೆ. ಮುನಿಯಪ್ಪ ಬೈದಾನೆಂದು ಬಾಗಿಲನ್ನು ಮತ್ತೆ ಒತ್ತಿ, ರಬ್ಬರ್ ಕೂರುವ ಹಾಗೆ ಭದ್ರವಾಗಿ ಮುಚ್ಚಿದೆ. ಹಿತ್ತಲಿಗೆ ಹೋದೆ. ಒಗೆಯುವ ಕಲ್ಲು ಒಣಗಿತ್ತು. ಮನೆಗೆ ನಾನೇ ಹಾಕಿದ ಬೀಗ ಹಾಗೇ ಇತ್ತು. ಯಾರೂ ಇರಲಿಲ್ಲ.

ಇಲ್ಲಿಂದ ಮುಂದಿನದನ್ನು ನಾನು ಯಾರಿಗೂ ಹೇಳಿಲ್ಲ. ಆ ಖಾಲಿ ಹಿತ್ತಲಿನಲ್ಲಿ ನಿಂತ ನನಗೆ ಮೊದಲು ಬಂದದ್ದು ಸಿಟ್ಟು. ಸತ್ತ ಮೇಲೂ ಅವನನ್ನೇ ಕರೆಯುತ್ತಾಳಲ್ಲ ಎಂಬ ಸಿಟ್ಟು. ಅವಳ ಕೊನೆಯ ಎರಡು ವರ್ಷ ಮಲ ಮೂತ್ರ ತೆಗೆದವನು ನಾನು, ಸ್ನಾನ ಮಾಡಿಸಿದವಳು ಸರೋಜ. ಆಗಲೂ ಅವಳು ಬಾಗಿಲ ಕಡೆ ನೋಡಿ ಕೇಳುತ್ತಿದ್ದದ್ದು "ಮಂಜ ಉಂಡ್ನಾ?" ಎಂದು. ಒಳಗೆ ಹೋಗಿ, ಅವನ ಭುಜ ತಟ್ಟಿ, "ಲೇ, ಅಮ್ಮ ಕರೆದಂಗಾಯ್ತು ಕಣೋ, ಬಾ ಆಚೆ" ಎನ್ನಬಹುದಿತ್ತು. ಅವನು ನಗುತ್ತಿದ್ದ, ಆದರೆ ಬರುತ್ತಿದ್ದ. ಅಮ್ಮನ ಹೆಸರು ಎತ್ತಿದರೆ ಅವನು ಎಂಥ ಕೆಲಸವನ್ನೂ ಬಿಟ್ಟು ಏಳುತ್ತಿದ್ದ.

ನಾನು ಹೇಳಲಿಲ್ಲ. ತಂತಿಯ ಮೇಲಿನ ಬಟ್ಟೆ ತೆಗೆದೆ. ನನ್ನವು ಎರಡು ಪಂಚೆ, ಒಂದು ಟವೆಲು. ಸರೋಜಳ ಸೀರೆ ಒಂದು. ಮಂಜನ ಟೀ ಶರ್ಟು ನಾಲ್ಕು, ಪ್ಯಾಂಟು ಎರಡು. ಕಲ್ಲಿನ ಮೇಲೆ ಕೂತು ಒಂದೊಂದನ್ನೇ ಮಡಿಸಿದೆ. ಸೀರೆಯನ್ನು ಒಬ್ಬನೇ ಮಡಿಸುವುದು ಕಷ್ಟ, ಅದಕ್ಕೆ ಹೊತ್ತಾಯಿತು. ಮಧ್ಯೆ ಎಂಜಿನ್ ಏರುವುದು ನಿಂತು ಒಂದೇ ಸಮನೆ ಗುಂಯ್‌ಗುಟ್ಟುವುದು ಗೋಡೆಯಾಚೆಯಿಂದ ಸಣ್ಣಗೆ ಕೇಳುತ್ತಿತ್ತು. ಲ್ಯಾಪ್‌ಟಾಪ್ ನೋಡುತ್ತಿರಬೇಕು ಎಂದುಕೊಂಡೆ. ಎಲ್ಲ ಮಡಿಸಿ ಆದ ಮೇಲೆ, ಮಂಜನ ಬಟ್ಟೆಯನ್ನು ಮೇಲಿಟ್ಟು, ಎದ್ದು ಹೋಗಿ ರೂಮಿನ ಬಾಗಿಲು ತೆರೆದೆ.

ಅವನು ಸ್ಟೀರಿಂಗಿನ ಮೇಲೆ ತಲೆಯಿಟ್ಟಿದ್ದ. ಮುಖ ಕೆಂಪಗೆ, ಹುಷಾರಾಗಿರುವವನ ಮುಖದಂತಿತ್ತು. ಎಂಜಿನ್ ಆರಿಸಿ, ಕಂಕುಳಿಗೆ ಕೈ ಹಾಕಿ ಆಚೆ ಎಳೆದೆ. ನನ್ನ ಕೂಗಿಗೆ ಮುನಿಯಪ್ಪ ಬೇಲಿ ಹಾರಿ ಓಡಿ ಬಂದ. ಇದ್ದ ಒಂದು ಕಾರು ನೆಲಕ್ಕೆ ಬಿಗಿದಿತ್ತು. ಟೊಮೊಟೊ ಕ್ರೇಟುಗಳನ್ನು ರಸ್ತೆಗೆ ಎಸೆದು ಅವನ ಟೆಂಪೊದಲ್ಲೇ ಮಲಗಿಸಿಕೊಂಡು ಹೊಸಕೋಟೆಗೆ ಹೋದೆವು. ಅಲ್ಲಿಂದ ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಕಳಿಸಿದರು.

ಬಣ್ಣವಿಲ್ಲದ, ವಾಸನೆಯಿಲ್ಲದ ವಿಷಗಾಳಿ, ಕಾರಿನ ಹೊಗೆಯದು ಎಂದರು ಡಾಕ್ಟರು. ಫ್ಯಾನು ಹೊಗೆಯನ್ನು ಹೊರಗೆ ಎಳೆಯುವ ಬದಲು ಒಳಕ್ಕೇ ನೂಕಿತ್ತು. ಎರಡು ವೈರು ಅದಲು ಬದಲು, ಅಷ್ಟೇ. "ಹತ್ತು ಹದಿನೈದು ನಿಮಿಷ ಮುಂಚೆ ಆಚೆ ಬಂದಿದ್ರೆ ಇಷ್ಟಾಗ್ತಿರಲಿಲ್ಲ" ಎಂದು ಅವರು ಸುಮ್ಮನೆ ಹೇಳಿದರು. ಎಲ್ಲರಿಗೂ ಹೇಳುವ ಮಾತಿರಬಹುದು. ನಾನು ಬಟ್ಟೆಗಳನ್ನು ಮನಸ್ಸಿನಲ್ಲೇ ಎಣಿಸಿದೆ. ಆ ಗಾಳಿ ಕುಡಿದವರಿಗೆ ಇಲ್ಲದ ದನಿ ಕೇಳಿಸುವುದುಂಟೇ ಎಂದು ಬೇರೆ ಯಾರದೋ ವಿಷಯ ಎಂಬಂತೆ ಕೇಳಿದೆ. ಇರಬಹುದು, ಮಿದುಳಿಗೆ ಆಮ್ಲಜನಕ ಕಡಿಮೆಯಾದರೆ ಏನೇನೋ ಅನ್ನಿಸುತ್ತದೆ ಎಂದರು. ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡೆ.

ಮಂಜ ಬದುಕಿದ. ಆದರೆ ಕೈ ನಡುಗುತ್ತದೆ, ಅಂಗಿಯ ಗುಂಡಿ ಹಾಕಿಕೊಳ್ಳಲಾರ. ಬೆಳಿಗ್ಗೆ ಹೇಳಿದ್ದು ಸಂಜೆಗಿರುವುದಿಲ್ಲ. ಆ ದಿನದ್ದಂತೂ ಏನೂ ನೆನಪಿಲ್ಲ, ರೂಮಿನ ಪೂಜೆಯೂ ಇಲ್ಲ ಎಂದು ಅವನೇ ಡಾಕ್ಟರಿಗೆ ಹೇಳಿದ್ದ. ಜಗಲಿಯಲ್ಲಿ ಕೂತು ರಸ್ತೆಯಲ್ಲಿ ಹೋಗುವ ಗಾಡಿಯ ಸದ್ದು ಕೇಳಿ "ಮೂರನೇ ಪ್ಲಗ್ಗು ಹೋಗೈತೆ" ಎನ್ನುತ್ತಾನೆ. ಅದು ನಿಜವೂ ಇರುತ್ತದೆ. ಡೈನೊ ಯಂತ್ರವನ್ನು ಮಾರಿದೆವು, ಕೊಂಡವರು ಬಿಚ್ಚಿಕೊಂಡು ಹೋದರು. ಗುಂಡಿಯ ಮೇಲೆ ಹಲಗೆ ಮುಚ್ಚಿದ್ದೇವೆ.

ಹೋದ ತಿಂಗಳು ಸರೋಜಳಿಗೆ ಗಂಟಲು ಕಟ್ಟಿತ್ತು. ಊಟಕ್ಕೆ ಅವನನ್ನು ನಾನೇ ಕರೆಯಬೇಕಾಯಿತು. ಹಿತ್ತಲ ಬಾಗಿಲಲ್ಲಿ ನಿಂತಾಗ ಬಾಯಿಗೆ ತಾನಾಗಿ ಅಮ್ಮನ ಮಾತೇ ಬಂತು. "ಮಂಜಾ, ಮುದ್ದೆ ಆರೋಗ್ತೈತೆ, ಬಾರೋ."

ಅವನು ಬಂದು ತಟ್ಟೆಯ ಮುಂದೆ ಕೂತ. ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ, ಕೈಯಲ್ಲೇ ಹಿಡಿದುಕೊಂಡು ಹೇಳಿದ: "ಅವತ್ತೂ ಹಿಂಗೇ ಕರೀತಿತ್ತಲ್ಲಣ್ಣ ಅಮ್ಮ. ನೀನೊಬ್ನೇ ಎದ್ದೋದೆ. ನಂಗ್ಯಾಕೆ ಹೇಳ್ಲಿಲ್ಲ?"

"ಯಾವತ್ತೋ?" ಎಂದೆ.

"ಕಾರು ಕಟ್ಟಿದ್ವಲ್ಲ, ಅವತ್ತು."

"ಏನಂತೆ ಅವನದು?" ಎಂದು ಸರೋಜ ಒಳಗಿನಿಂದ ಒಡಕು ದನಿಯಲ್ಲಿ ಕೇಳಿದಳು.

"ಏನಿಲ್ಲ. ಹಳೇದೇನೋ" ಎಂದೆ.

ಅವನ ಕಿವಿಗೆ ಮುಚ್ಚಳವಿತ್ತು. ಎಂಜಿನ್ ಕಿರುಚುತ್ತಿತ್ತು. ಆ ದನಿಯ ವಿಷಯವನ್ನು ನಾನು ಹೆಂಡತಿಗೂ ಹೇಳಿರಲಿಲ್ಲ. ಅದನ್ನು ಹೇಳಿದರೆ ಬಟ್ಟೆ ಮಡಿಸಿದ್ದನ್ನೂ ಹೇಳಬೇಕಿತ್ತು. ವಿಷಗಾಳಿ ಇಬ್ಬರ ಕಿವಿಗೂ ಒಂದೇ ಮಾತನ್ನು ಹೇಳಬಲ್ಲುದೇ? ಅಥವಾ ಅವಳು ನಿಜಕ್ಕೂ ಬಂದು ಕರೆದಿದ್ದರೆ, ಅವನಿಗೂ ಕೇಳಿದ್ದರೆ, ಆ ಕ್ಷಣಕ್ಕೆ ಅವನು ಏಕೆ ಏಳಲಿಲ್ಲ? ಏಳಲು ಆಗಲಿಲ್ಲವೇ? ಅಣ್ಣ ಬಂದು ಎಬ್ಬಿಸುತ್ತಾನೆ ಎಂದು ಕಾಯುತ್ತಿದ್ದನೇ? ಅವನನ್ನು ಕೇಳೋಣವೆಂದರೆ ಅಷ್ಟರಲ್ಲಿ ಮರೆತಿದ್ದ. ತುತ್ತನ್ನು ಬಾಯಿಗಿಟ್ಟುಕೊಂಡು, ಸಾರಿಗೆ ಉಪ್ಪು ಕಡಿಮೆ ಎಂದ. ಆಮೇಲೆ ಆ ಮಾತು ಎತ್ತಿಲ್ಲ. ನಾನೂ ಕೇಳಿಲ್ಲ.

ಹಳೆಯ ಪುಟವನ್ನು ತೆರೆದಿಟ್ಟುಕೊಂಡೇ ಇದನ್ನು ಬರೆದೆ. ಅದರ ಕೊನೆಯ ಎರಡು ಸಾಲನ್ನು ಆಸ್ಪತ್ರೆಯ ಬೆಂಚಿನ ಮೇಲೆ, ಜೇಬಿನಲ್ಲಿದ್ದ ಪುಸ್ತಕ ತೆಗೆದು, ಅಭ್ಯಾಸದ ಬಲದಿಂದ ಬರೆದಿರಬೇಕು. ಅಕ್ಷರ ಸೊಟ್ಟಗಿವೆ. ಊಟ: ಒಂದು ಬನ್ನು, ಅರ್ಧ ಟೀ. ಮೊದಲು ಮಲಗಿದವನು: ಮಂಜ.