ಹಸಿರು ಚುಕ್ಕೆಯ ಬೆಳ್ಳಿ

ಮನೆಯ ಹಿಂದಿನ ಡೇಟಾ ಸೆಂಟರ್ ಹಗಲೂ ರಾತ್ರಿ ಗುಂಯ್‌ಗುಡುತ್ತದೆ. ಕಿಟಕಿ ಮುಚ್ಚಿದರೂ ಸದ್ದು ಗೋಡೆಯೊಳಗಿಂದ ಬರುತ್ತದೆ, ಎಲ್ಲೋ ಜೇನು ಎದ್ದು ಇತ್ತ ಕಡೆಯೇ ಬರುತ್ತಿರುವ ಹಾಗೆ. ಅಮೆರಿಕದ ಈ ಆಶ್‌ಬರ್ನ್‌ಗೆ ಹೊಸದಾಗಿ ಬಂದವರು ಅದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆ. ಶಾಂತವ್ವನಿಗೆ ಅದು ಕೇಳಿಸುವುದೇ ನಿಂತು ವರ್ಷಗಳಾಗಿದ್ದವು. ಆ ಶನಿವಾರ ಬೆಳಿಗ್ಗೆ ಮಾತ್ರ ಮತ್ತೆ ಕೇಳಿಸಿತು.

ಅವಳು ಊಟದ ಮೇಜಿಗೆ ಟವೆಲ್ ಹಾಸಿ, ಬ್ಯಾಂಕಿನಿಂದ ತಂದ ಅರ್ಧ ಡಾಲರ್ ನಾಣ್ಯಗಳ ರೋಲ್‌ಗಳನ್ನು ಬಿಚ್ಚುತ್ತ ಕೂತಿದ್ದಳು. ಕೋವಿಡ್ ಕಾಲದಲ್ಲಿ ಹತ್ತಿದ ಗೀಳು. ಹಳೆಯ ಅರ್ಧ ಡಾಲರ್‌ಗಳಲ್ಲಿ ಬೆಳ್ಳಿ ಇರುತ್ತದೆ. ಬ್ಯಾಂಕಿನವರಿಗೆ ಎಲ್ಲವೂ ಒಂದೇ. ನಾಣ್ಯಗಳನ್ನು ಸಾಲಾಗಿ ನಿಲ್ಲಿಸಿ ಅಂಚು ನೋಡಬೇಕು. ಅಂಚಿನಲ್ಲಿ ತಾಮ್ರದ ಕೆಂಪು ಗೆರೆ ಕಂಡರೆ ಈಚಿನದು, ವಾಪಸು. ಗೆರೆಯಿಲ್ಲದೆ ಬೆಳ್ಳಗಿದ್ದರೆ ಬೆಳ್ಳಿ, ಸ್ಟೀಲ್ ಡಬ್ಬಿಗೆ. ವಾಪಸು ಹೋಗುವವುಗಳ ಹದ್ದಿನ ಚಿತ್ರದ ಕಡೆ, ರೆಕ್ಕೆಯ ತುದಿಗೆ, ಪೆನ್ನಿನಿಂದ ಸರಸರನೆ ಒಂದೊಂದು ಚುಕ್ಕೆ. ನೋಡಿಬಿಟ್ಟ ನಾಣ್ಯ ಊರೆಲ್ಲ ಸುತ್ತಿ ಮತ್ತೆ ಕೈಗೆ ಬಂದರೆ ಗುರುತು ಸಿಗಲಿ ಎಂದು.

ಪೆನ್ನು ಲ್ಯಾಬಿನದು. ರಾಕ್‌ವಿಲ್‌ನ ಒಂದು ಲ್ಯಾಬಿನಲ್ಲಿ ಶಾಂತವ್ವ ಹೆಂಗಸರ ಕ್ಯಾನ್ಸರ್ ತಪಾಸಣೆಯ ಸ್ಲೈಡ್‌ಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುತ್ತಾಳೆ. ಕೆಟ್ಟ ಜೀವಕೋಶ ಕಂಡ ಜಾಗದಲ್ಲಿ ಚುಕ್ಕೆ ಇಟ್ಟು ಡಾಕ್ಟರಿಗೆ ಕಳಿಸುವುದು; ಏನೂ ಕಾಣದಿದ್ದರೆ ನಾರ್ಮಲ್ ಎಂದು ಬರೆದು ಮುಗಿಸುವುದು. ಹಾಗೆ ಮುಗಿಸಿದವುಗಳಲ್ಲಿ ಕೆಲವನ್ನಷ್ಟೇ ಇನ್ನೊಬ್ಬರು ಮತ್ತೆ ನೋಡುತ್ತಾರೆ. ಉಳಿದವು ಅವಳ ಮಾತಿನ ಮೇಲೆ ಪೆಟ್ಟಿಗೆ ಸೇರುತ್ತವೆ.

ಅವಳ ಕಣ್ಣಿಗೆ ಆ ನಂಬಿಕೆ ಸಲ್ಲುತ್ತಿತ್ತು. ಬೈಲಹೊಂಗಲದ ಮನೆಯಲ್ಲಿ ಅವ್ವ ಬಸವ್ವ ಜೋಳದ ಮೊರವನ್ನು ಇವಳ ಮುಂದೆಯೇ ಇಡುತ್ತಿದ್ದಳು. ಶಾಂತಿ ಆರಿಸಿದ ಕಾಳಿನಲ್ಲಿ ಯಾರ ಹಲ್ಲಿಗೂ ಕಲ್ಲು ಸಿಕ್ಕಿದ್ದಿಲ್ಲ ಎಂದು ಓಣಿಯಲ್ಲೆಲ್ಲ ಹೆಸರು. ಧಾರವಾಡದಲ್ಲಿ ಓದಿದ್ದು, ಕಡಲು ದಾಟಿದ್ದು, ಇಷ್ಟು ವರ್ಷ ಅನ್ನ ತಿಂದದ್ದು, ಎಲ್ಲವೂ ಆ ಕಣ್ಣಿನ ಋಣ.

ಬಿಚ್ಚಿದ ರೋಲಿನಲ್ಲಿ ಹಸಿರು ಚುಕ್ಕೆಯ ನಾಣ್ಯವೊಂದು ಸಿಕ್ಕಿತು. "ಊರು ತಿರುಗಿ ಬಂದ್ಯಾ?" ಎಂದು ನಕ್ಕು ಮಗುಚಿದಳು. ಇಸವಿ ಹಳೆಯದು. ಅಂಚು ನೋಡಿದಳು. ಬಿಳಿ.

ಬೆಳ್ಳಿಯ ಮೇಲೆ ಅವಳದೇ ಚುಕ್ಕೆ.

ಉಳಿದ ರೋಲ್‌ಗಳನ್ನು ಒಡೆದು ಟವೆಲ್ ಮೇಲೆ ಸುರಿದು, ಒಂದೊಂದನ್ನೇ ಬೆಳಕಿಗೆ ಹಿಡಿದಳು. ಅಂಥವೇ ಇನ್ನೂ ಎರಡು ಸಿಕ್ಕವು.

"ಏನ್ರಿ, ಸ್ವಲ್ಪ ಈ ಕಡಿ ಬರ್ರಿ."

ಗಂಡ ಅಣ್ಣಾಸಾಹೇಬ ಚಹದ ಕಪ್ಪು ಹಿಡಿದೇ ಬಂದ. ನೋಡಿ ಮುಗಿದ ನಾಣ್ಯಗಳನ್ನು ಫೇರ್‌ಫ್ಯಾಕ್ಸ್‌ನ ತನ್ನ ಆಫೀಸಿನ ಬಳಿಯ ಬ್ಯಾಂಕಿಗೆ ಮರಳಿ ಕಟ್ಟುವುದು ಅವನ ಕೆಲಸ.

"ಈ ಚುಕ್ಕಿ ನೀವೇನರ ಇಟ್ಟೀರೇನ? ಖರೇ ಹೇಳ್ರಿ, ಬೈಯಂಗಿಲ್ಲ."

"ನಾ ಬರೇ ಚೀಲ ಹೊರೋ ಹಮಾಲ. ನಿನ್ನ ಪೆನ್ ಮುಟ್ಟಾಕ ನನಗೇನ ಹುಚ್ಚ ಹಿಡದೈತೇನ?" ಎಂದು ನಕ್ಕ. ಅವಳು ನಗಲಿಲ್ಲ. "ಮೂರ ನಾಣ್ಯಕ್ಕ ಮುಖ ಯಾಕ ಅಷ್ಟ ಸಣ್ಣ ಮಾಡ್ಕೊಂಡಿ? ತಿರುಗಿ ಬಂದಾವಲ್ಲ, ಡಬ್ಬ್ಯಾಗ ಹಾಕು."

"ಇವು ಬಂದಾವು. ಬರಲಾರದವು ಎಷ್ಟದಾವೋ."

"ಲೈಟ್ ಸರಿ ಇರಲಿಕ್ಕಿಲ್ಲ. ಟಿವಿ ನೋಡ್ಕೋತ ಆರಿಸಿರ್ತಿ. ತಡಿ, ಈಗ ನೋಡೇಬಿಡೂಣು."

ಅವಳನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದ. ಡಬ್ಬಿ ತೆರೆದ ಸದ್ದು, ನಾಣ್ಯಗಳನ್ನು ಸಾಲಾಗಿ ನಿಲ್ಲಿಸಿದ ಸದ್ದು. "ಹೂಂ, ನೋಡು."

ದೀಪ ಹತ್ತಿರಕ್ಕೆಳೆದು ಶಾಂತವ್ವ ನೋಡಿದಳು. ತಾಮ್ರದ ಗೆರೆಗಳು ಒಂದರ ಪಕ್ಕ ಒಂದು ನೆಟ್ಟಗೆ ನಿಂತಿದ್ದವು. ನಡುವೆ ಎರಡು ಬಿಳಿ. ತಟ್ಟನೆ ಮುಟ್ಟಿ ತೋರಿಸಿದಳು. "ಎರಡು. ಸರಿ ಐತಿಲ್ರಿ?"

ಅವನು ಕಪ್ಪು ಕೆಳಗಿಟ್ಟ. "ಮತ್ತೊಮ್ಮೆ ನೋಡು."

"ಎರಡ ಅದಾವ್ರಿ."

ಆಗಲೇ ಮನೆಯ ಹಿಂದಿನ ಗುಂಯ್ ಸದ್ದು ಕಿವಿ ತುಂಬಿಕೊಂಡದ್ದು. ಶಾಂತವ್ವ ಬಲದ ತುದಿಯಿಂದ ಸಾಲಿನ ಮೇಲೆ ಬೆರಳಾಡಿಸುತ್ತ ಬಂದಳು. ಬೆರಳು ಎಡದ ತುದಿಗೆ ಬಂದಾಗ, ಅದರ ಹಿಂದೆಯೇ ತಲೆಯೂ ತಿರುಗಿದಾಗ, ಇನ್ನೂ ಮೂರು ಬಿಳಿಯ ಅಂಚುಗಳು ಇದ್ದಕ್ಕಿದ್ದಂತೆ ಕಂಡವು. ಮೊದಲಿಂದ ಅಲ್ಲೇ ಇದ್ದವು. ತಲೆ ನೇರ ಮಾಡಿದಳು. ಹೋದವು. ಆ ಜಾಗ ಕಪ್ಪಾಗಲಿಲ್ಲ, ಮಸುಕಾಗಲೂ ಇಲ್ಲ. ಅಲ್ಲಿ ತಾಮ್ರದ ಗೆರೆಗಳೇ ಇದ್ದವು, ಉಳಿದ ಕಡೆ ಇದ್ದಂತೆ, ಅಚ್ಚುಕಟ್ಟಾಗಿ. ಕಾಣದ್ದನ್ನು ಕಣ್ಣು ತಾನೇ ತುಂಬಿ ಕೊಡುತ್ತಿತ್ತು.

"ಲ್ಯಾಬಿನ್ಯಾಗ ನೀಲಿ ಪೆನ್ ಮುಗದು ಹಸಿರು ಬಂದದ್ದು ಫೆಬ್ರುವರಿಗೆ," ಎಂದಳು, ಯಾರಿಗೋ ಹೇಳುವಂತೆ. "ಇವೆಲ್ಲಾ ಹಸಿರು. ಅಂದ್ರ ಆವಾಗಿಂದ ನನ್ನ ಕಣ್ಣು ಹಿಂಗ ಐತಿ."

ಅಣ್ಣಾಸಾಹೇಬನಿಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ಆಮೇಲೆ ಕುರ್ಚಿ ಎಳೆದು ಅವಳ ಬಲಕ್ಕೆ, ಅವಳಿಗೆ ಕಾಣುವ ಕಡೆ, ಕೂತ.

"ಹಂಗಂತ ಲ್ಯಾಬಿನ ಸ್ಲೈಡಿನ್ಯಾಗೂ ತಪ್ಪೈತಿ ಅನ್ನಾಕ ಬರಂಗಿಲ್ಲ."

"ಇಲ್ಲಾ ಅನ್ನಾಕೂ ಬರಂಗಿಲ್ಲ."

"ಶಾಂತಾ, ಕೇಳಿಲ್ಲೆ." ಅವನ ದನಿ ತಗ್ಗಿತು. "ಸೋಮವಾರ ಕಣ್ಣಿನ ಡಾಕ್ಟರ್ ಕಡೆ ಹೋಗೂಣು. ರಜಾ ಹಾಕು. ಹಂಗ ರಿಟೈರ್ ಆಗಿಬಿಡು. ಯಾರಿಗೆ ಏನ್ ಹೇಳೂದೈತಿ? ಹೇಳಿದಿ ಅಂದ್ರ ಲಾಯರ್‌ಗಳು ಈ ಮನಿ ಸೈತ ಬಿಡಂಗಿಲ್ಲ. ಇಷ್ಟ ವರ್ಷದ ಹೆಸರು ಒಂದ ದಿನಕ್ಕ ಹೋಗ್ತೈತಿ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಶಾಂತವ್ವ ಬೆಳ್ಳಿಯ ನಾಣ್ಯವೊಂದನ್ನು ಅಂಗೈಯಲ್ಲಿಟ್ಟು ಚುಕ್ಕೆಯನ್ನು ಉಗುರಿನಿಂದ ಕೆರೆದಳು. ಅದು ಹೋಗುವ ಶಾಯಿಯಲ್ಲ. ಎಷ್ಟು ಮಂದಿ ಹೆಣ್ಣುಮಕ್ಕಳು ಈ ವರ್ಷ ನಾರ್ಮಲ್ ಎಂಬ ಮೆಸೇಜ್ ಓದಿ ಫೋನ್ ಪಕ್ಕಕ್ಕಿಟ್ಟು ಚಹಕ್ಕೆ ನೀರಿಟ್ಟಿರಬಹುದು? ನಾಣ್ಯ ಊರೆಲ್ಲ ಸುತ್ತಿ ಮರಳಿ ಬಂದು ತಪ್ಪು ತೋರಿಸುತ್ತದೆ. ಅವರೂ ಮರಳಿ ಬಂದಾರು, ಎರಡು ಮೂರು ವರ್ಷ ಬಿಟ್ಟು, ಆಗ ರೋಗ ಎಷ್ಟು ಬೆಳೆದಿರುತ್ತದೆಂದರೆ ಚುಕ್ಕೆ ಇಟ್ಟು ತೋರಿಸುವ ಕೆಲಸವೇ ಬೇಕಿರುವುದಿಲ್ಲ.

"ಆ ಸ್ಲೈಡ್ ಎಲ್ಲಾ ಇನ್ನೂ ಲ್ಯಾಬಿನ್ಯಾಗ ಅದಾವು," ಎಂದಳು. "ಯಾರೂ ಅವನ್ನ ಎಸೆದಿಲ್ಲ."

"ಇವತ್ತ ಶನಿವಾರ."

"ಸೂಪರ್‌ವೈಸರ್ ಇರ್ತಾಳ. ಕಾರ್ ನೀವ ತಗೀರಿ. ನಾನು ಡ್ರೈವ್ ಮಾಡಂಗಿಲ್ಲ."

ಅಷ್ಟು ಹೇಳಿದ ಮೇಲೆ ಅವಳಿಗೇ ಹೊಳೆಯಿತು: ನಿನ್ನೆ ಸಂಜೆಯೂ ನದಿಯ ಸೇತುವೆ ದಾಟಿ, ಬೆಲ್ಟ್‌ವೇ ಹೆದ್ದಾರಿಯಲ್ಲಿ ಲೇನ್ ಬದಲಿಸುತ್ತ, ಎಡಕ್ಕೆ ಒಮ್ಮೆ ಕಣ್ಣು ಹಾಯಿಸಿ, ಖಾಲಿ ಐತಿ ಎಂದುಕೊಂಡು ಅವಳೇ ಬಂದಿದ್ದಳು.

ಮೂರು ನಾಣ್ಯಗಳನ್ನೂ ಪರ್ಸಿಗೆ ಹಾಕಿಕೊಂಡು ಎದ್ದಳು. ಅಣ್ಣಾಸಾಹೇಬ ಏಳಲಿಲ್ಲ.

"ಏನಂತ ಹೇಳ್ತಿ ಆಕಿಗೆ?"

"ನನ್ನ ಹೆಸರಿಂದ ನಾರ್ಮಲ್ ಅಂತ ಹೋಗಿದ್ದೆಲ್ಲಾ ಹೊರಗ ತಗೀರಿ ಅಂತೀನಿ," ಎನ್ನುತ್ತ ಶಾಂತವ್ವ ಚಪ್ಪಲಿ ಮೆಟ್ಟಿದಳು. ಎಡಗಡೆಯ ಬಾಗಿಲ ಚೌಕಟ್ಟನ್ನು ಕೈಯಿಂದ ತಡವಿ, ಅದು ಇದೆಯೆಂದು ಖಾತ್ರಿ ಮಾಡಿಕೊಂಡು, ಹೊರಗೆ ಕಾಲಿಟ್ಟಳು. "ಫೆಬ್ರುವರಿಯಿಂದ ಅಷ್ಟ ಅಲ್ಲ, ಅದಕಿಂತ ಮೊದಲಿಂದೂ, ಯಾಕಂದ್ರ ನೀಲಿ ಚುಕ್ಕಿ ನಾಣ್ಯ ನಾವು ಇನ್ನೂ ಹುಡುಕೇ ಇಲ್ಲ, ಅದರಾಗೂ ಬೆಳ್ಳಿ ಇರಬಹುದು."